ಅಭಯದಾನ ಮತ್ತು ಋಣಪ್ರಜ್ಞೆ

ಶ್ರಾವಕನ ಷಟ್ಕರ್ಮಗಳಲ್ಲಿ ದಾನಕ್ಕೆ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಮಕ್ಕಳೂ ಬಾಯಿಪಾಠವಾಗಿ ಹೇಳಬಲ್ಲರು. ಮೊದಲ ಮೂರರಲ್ಲಿ ಕೊಡುವ ವಸ್ತು ಕಣ್ಣಿಗೆ ಕಾಣುತ್ತದೆ, ಅದರ ಬೆಲೆಯನ್ನು ಅಂದಾಜು ಮಾಡಬಹುದು. ಅಭಯದಾನದಲ್ಲಿ ಕೈಯಿಂದ ಕೈಗೆ ದಾಟುವ ವಸ್ತುವೇ ಇಲ್ಲ. ಭಯಗೊಂಡ ಜೀವವೊಂದಕ್ಕೆ ‘ಇನ್ನು ಅಂಜಬೇಡ’ ಎಂದು ಹೇಳಿ, ಆ ಮಾತನ್ನು ಉಳಿಸಿಕೊಳ್ಳುವುದಷ್ಟೇ ಅದರ ಸ್ವರೂಪ. ಆದ್ದರಿಂದಲೇ ಅಭಯದಾನದ ವಿಷಯದಲ್ಲಿ ಇತರ ದಾನಗಳಲ್ಲಿ ಏಳದ ಪ್ರಶ್ನೆಯೊಂದು ಏಳುತ್ತದೆ. ಅನ್ನವನ್ನು ಉಂಡವನು ಮುಂದೊಂದು ದಿನ ಅನ್ನವನ್ನು ಹಿಂದಿರುಗಿಸಬಹುದು. ಜೀವವನ್ನೇ ಉಳಿಸಿಕೊಂಡವನು ಏನನ್ನು ಹಿಂದಿರುಗಿಸಬೇಕು? ಯಾರಿಗೆ ಹಿಂದಿರುಗಿಸಬೇಕು? ಹಿಂದಿರುಗಿಸಲಾರದವನು ಆ ಅಭಯಕ್ಕೆ ಅನರ್ಹನೇ?

ಇದು ಕೇವಲ ತರ್ಕಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ. ಯುದ್ಧ, ಮತದ್ವೇಷ, ಜನಾಂಗದ್ವೇಷಗಳಿಂದ ಮನೆಮಠಗಳನ್ನು ಕಳೆದುಕೊಂಡು ಅನ್ಯದೇಶಗಳ ಬಾಗಿಲಲ್ಲಿ ನಿಂತ ಕೋಟ್ಯಂತರ ಜನರನ್ನು ಇಪ್ಪತ್ತನೆಯ ಶತಮಾನವು ಕಂಡಿತು. ಇಪ್ಪತ್ತೊಂದನೆಯ ಶತಮಾನವೂ ಕಾಣುತ್ತಿದೆ. ಅವರನ್ನು ಒಳಗೆ ಬಿಟ್ಟುಕೊಂಡ ಸಮಾಜಗಳು ಒಂದಲ್ಲ ಒಂದು ದಿನ ‘ಇವರಿಂದ ನಮಗೇನು ಲಾಭವಾಯಿತು’ ಎಂದು ಲೆಕ್ಕ ಕೇಳಿವೆ. ಒಳಗೆ ಬಂದವರೂ ‘ನಾವು ಇದಕ್ಕೆ ತಕ್ಕವರೇ’ ಎಂದು ತಮ್ಮನ್ನೇ ಕೇಳಿಕೊಂಡಿದ್ದಾರೆ. ಈ ಎರಡು ಪ್ರಶ್ನೆಗಳು ಒಂದೇ ರೀತಿ ಕೇಳಿಸಿದರೂ ಅವುಗಳ ನೈತಿಕ ಬೆಲೆ ಒಂದೇ ಅಲ್ಲ. ಇದನ್ನು ಗ್ರಹಿಸಲು ಸ್ಟೆಫನಿ ಶರ್ಲಿ ಎಂಬ ಮಹಿಳೆಯ ಜೀವನ ಒಳ್ಳೆಯ ನಿದರ್ಶನ. ಅವರು ಜೈನರಲ್ಲ, ಜೈನ ತತ್ತ್ವದ ಪ್ರೇರಣೆಯಿಂದ ಬದುಕಿದರೆಂದು ಹೇಳುವುದೂ ಸಲ್ಲದು. ಆದರೆ ಅಭಯವನ್ನು ಪಡೆದ ಒಂದು ಜೀವ ಎಂಟು ದಶಕಗಳಿಗೂ ಹೆಚ್ಚು ಕಾಲ ಆ ದಾನದೊಂದಿಗೆ ಹೇಗೆ ಬಾಳಿತು ಎಂಬುದನ್ನು ಅವರ ಬದುಕು ತೋರಿಸುತ್ತದೆ.

ಅವರ ಹುಟ್ಟು ಹೆಸರು ವೆರಾ ಬುಕ್ತಾಲ್. ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ 1933ರಲ್ಲಿ ಜನಿಸಿದರು. ತಂದೆ ಯೆಹೂದಿ, ವೃತ್ತಿಯಲ್ಲಿ ನ್ಯಾಯಾಧೀಶರು, ತಾಯಿ ವಿಯೆನ್ನಾದವರು. ನಾಜಿಗಳ ಆಳ್ವಿಕೆಯಲ್ಲಿ ತಂದೆ ಹುದ್ದೆಯನ್ನು ಕಳೆದುಕೊಂಡರು. ಕುಟುಂಬವು ವಿಯೆನ್ನಾಕ್ಕೆ ಬಂದು ನೆಲೆಸಿತು. 1938ರಲ್ಲಿ ಆಸ್ಟ್ರಿಯವೂ ನಾಜಿಗಳ ವಶವಾಯಿತು. ಅದೇ ವರ್ಷ ನವೆಂಬರ್ 9 ಮತ್ತು 10ರಂದು ಯೆಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದಿತು, ಅಂಗಡಿಗಳು ಲೂಟಿಯಾದವು, ಸಾವಿರಾರು ಪುರುಷರು ಸೆರೆಯಾದರು. ಇದಾದ ಕೆಲವೇ ದಿನಗಳಲ್ಲಿ ಬ್ರಿಟನ್ ಸರ್ಕಾರವು ಹದಿನೇಳು ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಗಳಿಲ್ಲದೆ ಬರಮಾಡಿಕೊಳ್ಳಲು ಒಪ್ಪಿತು. ಮೊದಲ ತಂಡ ಡಿಸೆಂಬರ್ 2ರಂದು ಹಾರ್ವಿಚ್ ಬಂದರಿಗೆ ತಲುಪಿತು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾಗುವವರೆಗೆ ಸುಮಾರು 10,000 ಮಕ್ಕಳು ಹೀಗೆ ಪಾರಾದರು. ‘ಕಿಂಡರ್‌ಟ್ರಾನ್ಸ್‌ಪೋರ್ಟ್’, ಅಂದರೆ ಮಕ್ಕಳ ಸಾಗಣೆ, ಎಂಬ ಹೆಸರಿನಿಂದ ಇತಿಹಾಸವು ಇದನ್ನು ನೆನೆಯುತ್ತದೆ.

ಆ ಕರುಣೆಗೂ ಒಂದು ಷರತ್ತಿತ್ತೆಂಬುದನ್ನು ಮರೆಯಬಾರದು. ಮಕ್ಕಳು ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗಕೂಡದೆಂದು ತಲೆಗೆ 50 ಪೌಂಡುಗಳ ಜಾಮೀನನ್ನು ಕೇಳಲಾಯಿತು. ಯೆಹೂದಿ ಸಂಘಗಳು, ಕ್ವೇಕರ್ ಪಂಥದವರು, ಸಾಮಾನ್ಯ ನಾಗರಿಕರು ಹಣ ಕೂಡಿಸಿದರು. ಮನೆಗಳ ಬಾಗಿಲು ತೆರೆದರು. ತಂದೆತಾಯಿಗಳಿಗೆ ಆ ಬಾಗಿಲು ತೆರೆಯಲಿಲ್ಲ. ಕೊರಳಿಗೆ ಸಂಖ್ಯೆಯ ಚೀಟಿ ಕಟ್ಟಿಸಿಕೊಂಡು ರೈಲು ಹತ್ತಿದ ಮಕ್ಕಳಲ್ಲಿ ಬಹುಮಂದಿ ಹೆತ್ತವರನ್ನು ಮತ್ತೆ ಕಾಣಲಿಲ್ಲ. ಬಾಗಿಲು ತೆರೆಯದೆ ಉಳಿದ ಕಡೆಗಳಲ್ಲಿ ಸುಮಾರು 15 ಲಕ್ಷ ಯೆಹೂದಿ ಮಕ್ಕಳು ಹತ್ಯೆಯಾದರು.

1939ರ ಜುಲೈನಲ್ಲಿ ಐದು ವರ್ಷದ ವೆರಾ ಒಂಬತ್ತು ವರ್ಷದ ಅಕ್ಕನ ಕೈಹಿಡಿದು ಲಂಡನ್ನಿನಲ್ಲಿ ಇಳಿದಳು. ಮಕ್ಕಳಿಲ್ಲದ ದಂಪತಿಯೊಬ್ಬರು ಅಕ್ಕತಂಗಿಯರನ್ನು ಮನೆಗೆ ಕರೆದೊಯ್ದರು. ಆ ಮನೆಯಲ್ಲಿ ಪ್ರೀತಿ ದೊರೆಯಿತು, ಓದು ದೊರೆಯಿತು. ಹೆತ್ತವರೂ ಬದುಕಿ ಉಳಿದರು; ಆದರೆ ಅಗಲಿಕೆಯಲ್ಲಿ ಕಡಿದುಹೋದ ವಾತ್ಸಲ್ಯದ ಎಳೆ ಮತ್ತೆ ಮೊದಲಿನಂತೆ ಕೂಡಿಕೊಳ್ಳಲಿಲ್ಲ. ತನ್ನನ್ನು ಉಳಿಸಲೆಂದೇ ತಾಯಿ ದೂರಕ್ಕೆ ಕಳಿಸಿದಳೆಂದು ಬುದ್ಧಿಗೆ ತಿಳಿದರೂ, ಐದು ವರ್ಷದ ಮಗುವಿನ ಮನಸ್ಸಿಗೆ ಅದು ತ್ಯಜಿಸಿದಂತೆಯೇ ತೋರುತ್ತದೆ. ಪ್ರಾಣ ಉಳಿದ ಮಾತ್ರಕ್ಕೆ ಭಯ ನಿವಾರಣೆಯಾಗುವುದಿಲ್ಲ.

ಬೆಳೆದು ದೊಡ್ಡವರಾದ ಮೇಲೆ ಅವರು ಮತ್ತೆ ಮತ್ತೆ ಹೇಳಿಕೊಂಡ ಮಾತಿನ ಆಶಯ ಇಷ್ಟು: ಅಷ್ಟೊಂದು ಮಕ್ಕಳು ಸತ್ತಿರುವಾಗ ತಾನು ಉಳಿದದ್ದು ವ್ಯರ್ಥವಾಗಬಾರದು, ಉಳಿಸಲು ಯೋಗ್ಯವಾದ ಬಾಳೆನಿಸುವಂತೆ ಬಾಳಬೇಕು. ಅವರ ಮುಂದಿನ ಉದ್ಯಮ, ಸಂಪತ್ತು, ದಾನಗಳೆಲ್ಲಕ್ಕೂ ಈ ಸಂಕಲ್ಪವೇ ಬೇರು.

ಹುಡುಗಿಯರ ಶಾಲೆಯಲ್ಲಿ ಉನ್ನತ ಗಣಿತದ ಪಾಠವಿರಲಿಲ್ಲವಾದ್ದರಿಂದ ಹುಡುಗರ ಶಾಲೆಗೆ ಹೋಗಿ ಗಣಿತ ಕಲಿತರು. 1951ರಲ್ಲಿ ಬ್ರಿಟನ್ನಿನ ಪೌರತ್ವ ಪಡೆದರು. ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ದುಡಿಯುತ್ತ, ಸಂಜೆಯ ತರಗತಿಗಳಲ್ಲಿ ಆರು ವರ್ಷ ಓದಿ ಗಣಿತದಲ್ಲಿ ಪದವಿ ಗಳಿಸಿದರು. ಗಣಕಯಂತ್ರಗಳು ಆಗಷ್ಟೇ ಹುಟ್ಟುತ್ತಿದ್ದ ಕಾಲವದು. ಕೆಲಸದಲ್ಲಿ ನಿಪುಣರಾಗಿದ್ದರೂ ಹೆಣ್ಣೆಂಬ ಕಾರಣಕ್ಕೆ ಮೇಲಿನ ಹುದ್ದೆಗಳ ದಾರಿ ಮುಚ್ಚಿತ್ತು. 1962ರಲ್ಲಿ ಕೇವಲ 6 ಪೌಂಡುಗಳ ಬಂಡವಾಳದೊಡನೆ ಮನೆಯ ಊಟದ ಮೇಜಿನ ಮೇಲೆ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಗಣಕಯಂತ್ರಗಳಿಗೆ ಬೇಕಾದ ತಂತ್ರಾಂಶವನ್ನು ಬರೆದುಕೊಡುವುದು ಅದರ ಕೆಲಸ. ಮಹಿಳೆಯ ಹೆಸರಿದ್ದ ಪತ್ರಗಳಿಗೆ ವ್ಯಾಪಾರಸ್ಥರು ಉತ್ತರಿಸುತ್ತಿರಲಿಲ್ಲ. ಪತಿಯ ಸಲಹೆಯಂತೆ ‘ಸ್ಟೀವ್’ ಎಂಬ ಗಂಡುಹೆಸರಿನಲ್ಲಿ ಸಹಿ ಮಾಡತೊಡಗಿದ ಮೇಲೆ ಉತ್ತರಗಳು ಬಂದವು. ಮಗು ಅತ್ತರೆ ದೂರವಾಣಿಯ ಆಚೆಗಿದ್ದವರಿಗೆ ಕೇಳಿಸದಿರಲೆಂದು ಬೆರಳಚ್ಚು ಯಂತ್ರದ ಸದ್ದನ್ನು ಧ್ವನಿಮುದ್ರಿಸಿಟ್ಟುಕೊಂಡು ಹಿನ್ನೆಲೆಯಲ್ಲಿ ಹಾಕುತ್ತಿದ್ದರಂತೆ.

ಈ ಉದ್ಯಮದಲ್ಲಿ ನೈತಿಕವಾಗಿ ಗಮನಿಸಬೇಕಾದ ಅಂಶವೆಂದರೆ ಅಲ್ಲಿ ಕೆಲಸ ಪಡೆದವರು ಯಾರೆಂಬುದು. ಮದುವೆಯಾದ ಮೇಲೆ ಅಥವಾ ಮಗುವಾದ ಮೇಲೆ ವೃತ್ತಿಯಿಂದ ಹೊರಬಿದ್ದಿದ್ದ ವಿದ್ಯಾವಂತ ಸ್ತ್ರೀಯರನ್ನು ಶರ್ಲಿ ಹುಡುಕಿ ಕರೆದರು. ಮನೆಯಲ್ಲಿದ್ದುಕೊಂಡೇ, ತಮಗೆ ಅನುಕೂಲವಾದ ವೇಳೆಯಲ್ಲಿ ಕೆಲಸ ಮಾಡುವ ವ್ಯವಸ್ಥೆಯನ್ನು ರೂಪಿಸಿದರು. ಮೊದಲ 300 ಮಂದಿ ಕೆಲಸಗಾರರಲ್ಲಿ 297 ಮಂದಿ ಸ್ತ್ರೀಯರು. ಧ್ವನಿಗಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಹಾರಾಟ ದಾಖಲೆಯ ಪೆಟ್ಟಿಗೆಗೆ ಸಂಬಂಧಿಸಿದ ಕೆಲಸವನ್ನು ಮನೆಯಲ್ಲಿ ಕುಳಿತ ಈ ಗೃಹಿಣಿಯರೇ ಮಾಡಿಕೊಟ್ಟರು. 1975ರ ಲಿಂಗಭೇದ ನಿಷೇಧ ಕಾಯಿದೆ ಬಂದಾಗ, ಸ್ತ್ರೀಯರಿಗೇ ಆದ್ಯತೆಯೆಂಬ ಅವರ ನಿಯಮ ಕಾನೂನುಬಾಹಿರವಾಯಿತು. ಅಂದಿನಿಂದ ಪುರುಷರಿಗೂ ಬಾಗಿಲು ತೆರೆಯಿತು.

ತಾವು ಪಡೆದ ಆಶ್ರಯವನ್ನು ಶರ್ಲಿ ಕೊಟ್ಟವರಿಗೇ ಹಿಂದಿರುಗಿಸಲು ಹೋಗಲಿಲ್ಲ. 50 ಪೌಂಡಿನ ಜಾಮೀನಿಗಾಗಿ ಪೆನ್ನಿ ಪೆನ್ನಿ ಕೂಡಿಸಿದ ಅಪರಿಚಿತರ ಹೆಸರುಗಳನ್ನು ಪಟ್ಟಿ ಮಾಡುವುದು ಸಾಧ್ಯವೇ ಇರಲಿಲ್ಲ. ಅವರು ಮಾಡಿದ್ದು, ತಮ್ಮಂತೆಯೇ ಬಾಗಿಲ ಹೊರಗೆ ನಿಂತಿದ್ದ ಇನ್ನೊಂದು ಬಗೆಯ ಜನರಿಗೆ ಬಾಗಿಲು ತೆರೆದದ್ದು. ಜೀವಗಳ ಲಕ್ಷಣವೇ ಪರಸ್ಪರ ಉಪಕಾರವೆಂದು ತತ್ತ್ವಾರ್ಥಸೂತ್ರವು ಹೇಳುವಾಗ ಉಪಕಾರ ಪಡೆದ ಜೀವವು ಅದೇ ದಾತೃವಿಗೆ ಅಷ್ಟನ್ನೇ ಅಳೆದು ಕೊಡಬೇಕೆಂದು ವಿಧಿಸುವುದಿಲ್ಲ. ಕೆರೆಯ ನೀರು ಕಾಲುವೆಯಲ್ಲಿ ಹರಿದು ಗದ್ದೆಗೆ ಹೋಗುತ್ತದೆಯೇ ಹೊರತು ಮೋಡಕ್ಕೆ ನೇರವಾಗಿ ಮರಳುವುದಿಲ್ಲ. ಉಪಕಾರದ ಋಣವೂ ಮುಂದಕ್ಕೆ ಹರಿದೇ ತೀರಬೇಕು.

ರಾಷ್ಟ್ರಕೂಟರ ಕಾಲದಲ್ಲಿ ಬಾಳಿದ ಆಚಾರ್ಯ ಜಿನಸೇನರು ತಮ್ಮ ಆದಿಪುರಾಣದಲ್ಲಿ ಗೃಹಸ್ಥನ ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಭಾಗಿಸಿದ್ದಾರೆ. ಅನುಗ್ರಹಕ್ಕೆ ತಕ್ಕ ಪ್ರಾಣಿಸಮೂಹಕ್ಕೆ ಕರುಣೆಯಿಂದ ಅಭಯವನ್ನು ನೀಡುವುದು ದಯಾದತ್ತಿ. ತಪೋಧನರಾದ ಮುನಿಗಳಿಗೆ ಭಕ್ತಿಯಿಂದ ಆಹಾರಾದಿಗಳನ್ನು ಅರ್ಪಿಸುವುದು ಪಾತ್ರದತ್ತಿ. ಆಚಾರ ವ್ರತಗಳಲ್ಲಿ ತನಗೆ ಸಮಾನರಾದವರಿಗೆ ಶ್ರದ್ಧೆಯಿಂದ ಕೊಡುವುದು ಸಮದತ್ತಿ. ತನ್ನ ವಂಶದ ನೆಲೆಗಾಗಿ ಮಗನಿಗೆ ಧರ್ಮವನ್ನೂ ಧನವನ್ನೂ ಒಪ್ಪಿಸುವುದು ಅನ್ವಯದತ್ತಿ. ಪ್ರಸ್ತುತ ಪ್ರಶ್ನೆಗೆ ಉತ್ತರವು ಈ ವಿಭಾಗದಲ್ಲಿಯೇ ಅಡಗಿದೆ. ಪಡೆಯುವವನ ಗುಣ, ಶೀಲ, ತಪಸ್ಸುಗಳ ವಿಚಾರವು ಪಾತ್ರದತ್ತಿಗೆ ಸೇರಿದ್ದು. ದಯಾದತ್ತಿಯಲ್ಲಿ ಆ ಪರೀಕ್ಷೆಗೆ ಅವಕಾಶವಿಲ್ಲ. ಅಲ್ಲಿ ನೋಡಬೇಕಾದದ್ದು ಒಂದೇ: ಎದುರಿಗಿರುವ ಜೀವ ಭಯದಲ್ಲಿದೆಯೇ? ಬೇಟೆಗಾರನಿಂದ ತಪ್ಪಿಸಿಕೊಂಡು ಬಂದ ಜಿಂಕೆಯನ್ನು ಯಾರೂ ‘ನೀನು ಮುಂದೆ ಏನಾಗುವೆ’ ಎಂದು ಕೇಳುವುದಿಲ್ಲ.

ಆದ್ದರಿಂದ ನಿರಾಶ್ರಿತರಿಗೆ ಆಶ್ರಯ ಕೊಟ್ಟ ದೇಶವೊಂದು ‘ಇವರಲ್ಲಿ ಎಷ್ಟು ಮಂದಿ ಉದ್ಯಮಿಗಳಾದರು, ಎಷ್ಟು ಮಂದಿ ವಿಜ್ಞಾನಿಗಳಾದರು’ ಎಂದು ಎಣಿಸಿ, ತನ್ನ ಔದಾರ್ಯವು ಸಾರ್ಥಕವಾಯಿತೆಂದು ಹೇಳಿಕೊಂಡರೆ, ಅದು ದಯಾದತ್ತಿಯನ್ನು ಬಂಡವಾಳ ಹೂಡಿಕೆಯಾಗಿ ಪರಿವರ್ತಿಸಿದಂತೆ. ಪಾರಾಗಿ ಬಂದ ಸುಮಾರು 10,000 ಮಕ್ಕಳಲ್ಲಿ ನೊಬೆಲ್ ಪಾರಿತೋಷಕ ಪಡೆದವರೂ ಇದ್ದಾರೆ, ಶರ್ಲಿಯವರಂತೆ ಸಂಪತ್ತು ಗಳಿಸಿದವರೂ ಇದ್ದಾರೆ. ಆದರೆ ಬಹುಪಾಲು ಮಂದಿ ಸಾಮಾನ್ಯ ಕೆಲಸಗಳನ್ನು ಮಾಡಿ, ಸಂಸಾರ ಸಾಗಿಸಿ, ಹೆಸರಿಲ್ಲದೆ ಮುದುಕರಾದವರು. ಹಳೆಯ ಗಾಯದಿಂದ ಚೇತರಿಸಿಕೊಳ್ಳಲಾಗದವರೂ ಇದ್ದಿರಲೇಬೇಕು. ಅವರನ್ನು ಉಳಿಸಿದ್ದು ಕಡಿಮೆ ಪುಣ್ಯವೇ? ಹಾಗೆಂದರೆ ಸತ್ತುಹೋದ ಮಕ್ಕಳಲ್ಲಿಯೂ ಉಳಿಯಲು ಯೋಗ್ಯರಾದವರು, ಆಗದವರು ಎಂಬ ಎರಡು ಪಂಗಡಗಳನ್ನು ಮಾಡಬೇಕಾಗುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಆ ಆಲೋಚನೆಯ ಸಮೀಪಕ್ಕೂ ಹೋಗಲಾರರು.

ಈ ವಿಷಯವು ಜೈನ ಸಮಾಜಕ್ಕೆ ಪರಕೀಯವೂ ಅಲ್ಲ. 1972ರ ಆಗಸ್ಟ್‌ನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರು 90 ದಿನಗಳೊಳಗೆ ದೇಶ ಬಿಡಬೇಕೆಂದು ಆಜ್ಞಾಪಿಸಿದಾಗ ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆಯು ‘ನಮ್ಮ ಊರಿಗೆ ಬರಬೇಡಿ’ ಎಂಬ ಅರ್ಥದ ಜಾಹೀರಾತನ್ನು ಉಗಾಂಡದ ಪತ್ರಿಕೆಯಲ್ಲಿಯೇ ಪ್ರಕಟಿಸಿತ್ತು. ಆದರೂ ಜನ ಅಲ್ಲಿಗೆ ಬಂದು ನೆಲೆಸಿದರು, ದುಡಿದರು. ಪೂರ್ವ ಆಫ್ರಿಕದಿಂದ ಬಂದ ಜೈನ ಕುಟುಂಬಗಳು ಅದೇ ಊರಿನಲ್ಲಿ ಹಳೆಯ ಚರ್ಚೊಂದರ ಕಟ್ಟಡವನ್ನು ಜಿನಾಲಯವಾಗಿ ರೂಪಿಸಿದವು. 1988ರಲ್ಲಿ ಪ್ರತಿಷ್ಠೆ ನಡೆದ ಆ ಆಲಯದಲ್ಲಿ ದಿಗಂಬರ, ಶ್ವೇತಾಂಬರ ಪರಂಪರೆಗಳೆರಡಕ್ಕೂ ಒಂದೇ ಸೂರಿನಡಿಯಲ್ಲಿ ಸ್ಥಾನವಿದೆ. ಮುಂದೆ ಆ ನಗರವೇ ಇವರ ಏಳಿಗೆಯನ್ನು ಹೆಮ್ಮೆಯಿಂದ ಹೇಳಿಕೊಂಡಿತು. ಹೆಮ್ಮೆ ಸಂತೋಷದ ಸಂಗತಿಯೇ. ಆದರೆ ಬಂದವರು ಬಡವರಾಗಿಯೇ ಉಳಿದಿದ್ದರೆ ಆ ಜಾಹೀರಾತು ನ್ಯಾಯವೆನಿಸುತ್ತಿತ್ತೇ? ಅನ್ಯಾಯವು ಅನ್ಯಾಯವೆನ್ನಲು ಅದಕ್ಕೆ ಗುರಿಯಾದವರ ಯಶಸ್ಸಿನ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ‘ಉಳಿಸಲು ಯೋಗ್ಯವಾದ ಬಾಳನ್ನು ಬಾಳಬೇಕು’ ಎಂಬ ಶರ್ಲಿಯವರ ಸಂಕಲ್ಪವೇ ತಪ್ಪೆನ್ನಬೇಕೇ? ಹಾಗಲ್ಲ. ಅನೇಕಾಂತವು ಇಲ್ಲಿ ನೆರವಿಗೆ ಬರುತ್ತದೆ. ಪಡೆದವನ ದೃಷ್ಟಿಯಿಂದ ಅಭಯವು ಋಣ. ಕೊಟ್ಟವನ ದೃಷ್ಟಿಯಿಂದ ಅದು ಋಣವಲ್ಲ. ಎರಡೂ ಮಾತುಗಳು ಆಯಾ ನಯದಲ್ಲಿ ಸತ್ಯ. ಮಕ್ಕಳು ತಂದೆತಾಯಿಗಳ ಋಣ ತೀರಿಸಲಾರೆವೆಂದು ಭಾವಿಸುವುದು ಸದ್ಗುಣ. ತಂದೆತಾಯಿಗಳೇ ಹಾಲುತುಪ್ಪದ ಲೆಕ್ಕ ಬರೆದಿಟ್ಟು ಕೇಳಿದರೆ ವಾತ್ಸಲ್ಯಕ್ಕೆ ಅರ್ಥವೇ ಉಳಿಯದು. ಹಾಗೆಯೇ ಕೃತಜ್ಞತೆಯು ಆಶ್ರಿತನ ಹೃದಯದಲ್ಲಿ ತಾನಾಗಿ ಮೂಡಿದಾಗ ಅವನ ಬಾಳನ್ನು ಬೆಳಗುತ್ತದೆ; ಆಶ್ರಯದಾತನು ಅದನ್ನು ತೆರಿಗೆಯಂತೆ ವಸೂಲು ಮಾಡಹೊರಟರೆ ತಾನು ಕೊಟ್ಟ ಅಭಯವನ್ನು ತಾನೇ ಹಿಂದಕ್ಕೆ ಪಡೆದಂತಾಗುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಸೂಕ್ಷ್ಮವೂ ಇದೆ. ತಾನು ಉಳಿದದ್ದನ್ನು ಪ್ರತಿದಿನವೂ ಸಮರ್ಥಿಸಿಕೊಳ್ಳಬೇಕೆಂದು ಭಾವಿಸುವ ಜೀವವು ಇನ್ನೂ ಸಂಪೂರ್ಣ ನಿರ್ಭಯವಾಗಿಲ್ಲ. ಶರ್ಲಿಯವರ ಅವಿಶ್ರಾಂತ ದುಡಿಮೆಯ ಹಿಂದೆ ಉತ್ಸಾಹವಿದ್ದಂತೆಯೇ ಈ ತಳಮಳವೂ ಇತ್ತೆಂಬುದನ್ನು ಅವರೇ ಮುಚ್ಚಿಟ್ಟಿಲ್ಲ. ಶರೀರವನ್ನು ಪಾರುಮಾಡುವುದು ಅಭಯದಾನದ ಅರ್ಧ ಮಾತ್ರ. ‘ನೀನು ಇಲ್ಲಿರುವುದಕ್ಕೆ ಕಾರಣ ಕೊಡಬೇಕಾಗಿಲ್ಲ’ ಎಂಬ ನೆಮ್ಮದಿಯನ್ನು ಕೊಡುವುದು ಉಳಿದರ್ಧ. ಜಾಮೀನು, ಷರತ್ತು, ಲಾಭನಷ್ಟಗಳ ಚರ್ಚೆಗಳು ಈ ಉಳಿದರ್ಧವನ್ನು ಕಸಿದುಕೊಳ್ಳುತ್ತವೆ.

ಶರ್ಲಿಯವರ ಬದುಕಿನ ಉತ್ತರಾರ್ಧವು ಪರಿಗ್ರಹದ ಪ್ರಶ್ನೆಗೆ ಸಂಬಂಧಿಸಿದ್ದು. ಪರಿಗ್ರಹವನ್ನು ತತ್ತ್ವಾರ್ಥಸೂತ್ರವು ವಸ್ತುಗಳ ರಾಶಿಯಿಂದ ಅಳೆಯುವುದಿಲ್ಲ. ‘ನನ್ನದು’ ಎಂಬ ಮಮತೆಯಿಂದ ಅಳೆದು, ಅದನ್ನು ಮೂರ್ಛೆಯೆಂದು ಕರೆಯುತ್ತದೆ. ತಮ್ಮ ಸಂಸ್ಥೆ ಬೆಳೆದಂತೆ ಶರ್ಲಿ ಅದರ ಒಡೆತನದ ಪಾಲನ್ನು ವರ್ಷಾನುಗಟ್ಟಲೆ ಪ್ರಯತ್ನಿಸಿ ನೌಕರರ ಕೈಗೆ ದಾಟಿಸಿದರು. 1993ರಲ್ಲಿ ನಿವೃತ್ತರಾದರು. 1996ರಲ್ಲಿ ಸಂಸ್ಥೆಯ ಷೇರುಗಳು ಸಾರ್ವಜನಿಕ ಮಾರುಕಟ್ಟೆಗೆ ಬಂದವು. ಹೀಗೆ ಪಾಲು ಪಡೆದ ಸಹೋದ್ಯೋಗಿಗಳಲ್ಲಿ 70 ಮಂದಿ ಮುಂದೆ ದಶಲಕ್ಷ ಪೌಂಡುಗಳ ಒಡೆಯರಾದರು. ಶಾಸ್ತ್ರೀಯವಾದ ಅರ್ಥದಲ್ಲಿ ಅಲ್ಲದಿದ್ದರೂ ಭಾವದ ಸಾಮ್ಯದಿಂದ ಇದನ್ನು ಸಮದತ್ತಿಯ ನೆರಳೆನ್ನಬಹುದು. ಜೊತೆಗೆ ದುಡಿದವರನ್ನು ಕರುಣೆಗೆ ಪಾತ್ರರಾದವರೆಂದಲ್ಲದೆ ಸಮಾನರೆಂದು ಕಂಡು ಕೊಟ್ಟದ್ದು ಅದು.

ಅನ್ವಯದತ್ತಿಯ ವಿಷಯದಲ್ಲಿ ವಿಧಿ ಅವರೊಡನೆ ಕಠಿಣವಾಗಿತ್ತು. ಒಬ್ಬನೇ ಮಗ ಜೈಲ್ಸ್ 1963ರಲ್ಲಿ ಹುಟ್ಟಿದ. ಅವನಿಗೆ ಆಟಿಸಂ ಎಂಬ ತೀವ್ರ ನ್ಯೂನತೆಯಿತ್ತು. ಕಲಿತಿದ್ದ ಅಲ್ಪಸ್ವಲ್ಪ ಮಾತೂ ಎಳವೆಯಲ್ಲಿಯೇ ನಿಂತುಹೋಯಿತು. ಹದಿಹರೆಯದಲ್ಲಿ ಅವನನ್ನು ನಿಭಾಯಿಸಲಾಗದೆ ತಾಯಿಯ ಆರೋಗ್ಯವೇ ಕುಸಿಯಿತು; ಮಗ ವರ್ಷಗಟ್ಟಲೆ ಆಸ್ಪತ್ರೆಯಲ್ಲಿರಬೇಕಾಯಿತು. ಸಂಪತ್ತನ್ನು ಒಪ್ಪಿಸಿಕೊಂಡು ವಂಶವನ್ನು ಬೆಳೆಸಬಲ್ಲ ಮಗ ಅವನಾಗಿರಲಿಲ್ಲ. ಆಟಿಸಂ ಇರುವ ವಯಸ್ಕರು ಆಸ್ಪತ್ರೆಯ ಗೋಡೆಗಳಾಚೆ ಮನೆಯಂತಹ ವಾತಾವರಣದಲ್ಲಿ ಬಾಳಲೆಂದು ಅವರು ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದರ ಮೊದಲ ನಿವಾಸಿ ಜೈಲ್ಸ್. 1998ರಲ್ಲಿ, 35ರ ವಯಸ್ಸಿನಲ್ಲಿ ಅವನು ತೀರಿಕೊಂಡ. ಮರುವರ್ಷ, ಇಂತಹ ಮಕ್ಕಳಿಗಾಗಿ ಅವರು ಕಟ್ಟಿಸಿದ ಪ್ರಯರ್ಸ್ ಕೋರ್ಟ್ ಶಾಲೆ ಬಾಗಿಲು ತೆರೆಯಿತು. ತನ್ನ ಮಗನಿಗೆ ಸಲ್ಲಬೇಕಾದದ್ದು ಯಾರ ಯಾರದೋ ಮಕ್ಕಳಿಗೆ ಸಂದಿತು. ಅಂದು ಯಾರದೋ ಮನೆಯವರು ಯಾರದೋ ಮಗುವಾದ ವೆರಾಳನ್ನು ತಮ್ಮದೆಂದು ಕರೆದೊಯ್ದಿದ್ದುದನ್ನು ನೆನೆದರೆ, ಇದರ ಔಚಿತ್ಯ ತಾನಾಗಿ ಹೊಳೆಯುತ್ತದೆ.

ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನವರಿಗೆ ಜ್ಞಾನಕ್ಕಾಗಿ ಕೊಡುವ ದಾನದ ಹಿರಿಮೆಯನ್ನು ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಂತರಜಾಲದ ಸಾಮಾಜಿಕ ಪರಿಣಾಮಗಳನ್ನು ಅಧ್ಯಯನ ಮಾಡುವ ಸಂಸ್ಥೆ ಆರಂಭವಾದದ್ದು ಶರ್ಲಿಯವರ 1 ಕೋಟಿ ಪೌಂಡುಗಳ ಕೊಡುಗೆಯಿಂದ. ಅವರು ಜೀವಮಾನದಲ್ಲಿ ಕೊಟ್ಟದ್ದು ಒಟ್ಟು 7 ಕೋಟಿ ಪೌಂಡುಗಳ ಸಮೀಪ. ಶ್ರೀಮಂತರ ಪಟ್ಟಿಯಿಂದ ಅವರ ಹೆಸರು ಇಳಿಯುತ್ತ ಹೋದದ್ದಕ್ಕೆ ಈ ಕೊಡುಗೆಗಳೂ ಒಂದು ಕಾರಣ. ತಮ್ಮ ಹೆಸರಿನ ಪ್ರತಿಷ್ಠಾನವು ಹಣವನ್ನು ಕೂಡಿಟ್ಟುಕೊಂಡು ಶಾಶ್ವತವಾಗಿ ನಿಲ್ಲಬೇಕೆಂದೂ ಅವರು ಬಯಸಲಿಲ್ಲ. ಅದರಲ್ಲಿದ್ದುದನ್ನೆಲ್ಲ ವಿನಿಯೋಗಿಸಿ 2018ರಲ್ಲಿ ಮುಚ್ಚಿದರು. 2025ರ ಆಗಸ್ಟ್ 9ರಂದು, 91ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ದಾನದ ಉದ್ದೇಶವಾದ ‘ಅನುಗ್ರಹ’ವನ್ನು ವಿವರಿಸುತ್ತ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದು ತನಗೂ ಪರರಿಗೂ ಆಗುವ ಉಪಕಾರವೆಂದು ಸ್ಪಷ್ಟಪಡಿಸಿದ್ದಾರೆ. ಕೊಡುವವನೂ ಪಡೆಯುತ್ತಾನೆ ಎಂಬ ಈ ಅರಿವು ಬಂದಲ್ಲಿ ಯಾರು ಯಾರಿಗೆ ಋಣಿ ಎಂಬ ವಾದವೇ ಶಮನವಾಗುತ್ತದೆ. ವೆರಾಳನ್ನು ಸಾಕಿದ ದಂಪತಿಗೆ ಆ ಮಗು ಮುಂದೆ ಕೋಟ್ಯಧೀಶೆಯಾಗುವಳೆಂಬ ಸುಳಿವು ಇರಲಿಲ್ಲ. ಇದ್ದಿದ್ದರೆ ಅವರ ಕಾರ್ಯದ ಹಿರಿಮೆ ಅಷ್ಟರ ಮಟ್ಟಿಗೆ ಕುಂದುತ್ತಿತ್ತು. ಮಗು ಅಳುತ್ತಿದೆ, ಅದಕ್ಕೆ ಮನೆಯಿಲ್ಲ ಎಂಬಷ್ಟೇ ಅವರಿಗೆ ಸಾಕಾಯಿತು.

ಇಂದಿಗೂ ನಿರಾಶ್ರಿತರು ಗಡಿಗಳಲ್ಲಿ, ಬಂದರುಗಳಲ್ಲಿ, ಶಿಬಿರಗಳಲ್ಲಿ ಕಾಯುತ್ತಿದ್ದಾರೆ. ಅವರ ಪರವಾಗಿ ಮಾತನಾಡುವವರು ಶರ್ಲಿಯಂತಹವರ ಹೆಸರನ್ನು ಎತ್ತಿ, ‘ಇವರಲ್ಲಿಯೂ ಇಂತಹವರು ಇರಬಹುದು’ ಎಂದು ವಾದಿಸುವುದುಂಟು. ಉದ್ದೇಶ ಒಳ್ಳೆಯದೇ, ಆದರೆ ಶ್ರಾವಕನ ನಿಲುವು ಅದಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು. ಇವರಲ್ಲಿ ಅಂತಹವರು ಒಬ್ಬರೂ ಇಲ್ಲದಿರಬಹುದು; ಆದರೂ ಭಯವಿದೆ, ಆದ್ದರಿಂದ ಅಭಯ ಸಲ್ಲಬೇಕು. ಪಡೆದವರು ಋಣವೆಂದು ನೆನೆದು ಮತ್ತೊಬ್ಬರಿಗೆ ಕೈ ನೀಡಿದರೆ ಅದು ಅವರ ಧರ್ಮ. ನೆನೆಯದೆ, ಹಗುರವಾದ ಮನಸ್ಸಿನಿಂದ ಸಾಮಾನ್ಯರಾಗಿ ಬದುಕಿಬಿಟ್ಟರೂ ಕೊಟ್ಟ ಅಭಯ ವ್ಯರ್ಥವಾಗಲಿಲ್ಲ. ಹೆದರದೆ ಬದುಕುವುದಕ್ಕಾಗಿಯೇ ಅಲ್ಲವೇ ಅದನ್ನು ಕೊಟ್ಟದ್ದು?